ಚಿರತೆ ಮರಿಯಲ್ಲ ಮಾರಾಯ್ರೆ

ಸುಗ್ಗಿ ಕೊಯ್ಲು ಮುಗಿದು ಗೇರು ತೋಟದ ಅಡಿಯ ಪೊದೆ ಸವರುವ ಕೆಲಸ ಶುರುವಾದರೆ ಸಾಕು, ಆ ಫೋಟೊ ವಾಟ್ಸ್ಯಾಪಿಗೆ ಬಂದೇ ಬರುತ್ತದೆ. ಊರು ಬೇರೆ, ವರ್ಷ ಬೇರೆ, ಫೋಟೊ ಮಾತ್ರ ಅದೇ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಅಡಿಗೆ ಹಳೇ ಬೈರಾಸು (ಟವೆಲು), ಅದರ ಮೇಲೆ ಎರಡೋ ಮೂರೋ ಚುಕ್ಕೆ ಚುಕ್ಕೆಯ ಮರಿಗಳು, ಪಕ್ಕದಲ್ಲಿ ಸ್ಟೀಲಿನ ಬಟ್ಟಲಲ್ಲಿ ಹಾಲು. ಜೊತೆಗೊಂದು ಬರಹ: "ನಮ್ಮಲ್ಲಿ ಚಿರತೆ ಮರಿ ಸಿಕ್ಕಿದೆ, ತಾಯಿ ಹತ್ತಿರದಲ್ಲೇ ಇರಬಹುದು, ಎಲ್ಲರೂ ಜಾಗ್ರತೆ." ಕಾರ್ಕಳದ ಆಚೆ ತೆಗೆದದ್ದು ಸಂಜೆಯೊಳಗೆ ನಾಲ್ಕು ಗ್ರೂಪು ದಾಟಿ ಬಂಟ್ವಾಳದ ಸುದ್ದಿಯಾಗಿರುತ್ತದೆ.

ಈ ಫೋಟೊದಲ್ಲಿ ಕೆಟ್ಟವರು ಯಾರೂ ಇಲ್ಲ. ತಲೆ ಕೊರೆಯುವುದು ಅದೇ. ಎತ್ತಿದವರು ಪಾಪ ಎಂದೇ ಎತ್ತಿದ್ದು, ಹಾಲು ಇಟ್ಟವರು ಹಸಿದಿರಬಹುದು ಎಂದೇ ಇಟ್ಟದ್ದು, ಫೋಟೊ ಕಳಿಸಿದವರಿಗೂ ನಾಲ್ಕು ಜನ ಜಾಗ್ರತೆಯಿಂದ ಇರಲಿ ಎಂಬ ಕಾಳಜಿ. ಆದರೆ ತಾಯಿ ಹತ್ತಿರದಲ್ಲೇ ಇದೆ ಎಂಬ ಮಾತೊಂದನ್ನು ಬಿಟ್ಟರೆ ಅಲ್ಲಿ ಸರಿಯಾದದ್ದು ಏನೂ ಇಲ್ಲ. ತಾಯಿ ಇದೆ ನಿಜ. ಐವತ್ತು ಹೆಜ್ಜೆ ದೂರದ ಪೊದೆಯಲ್ಲಿ, ಮೂರು ಕಿಲೋ ತೂಕದ, ಮನುಷ್ಯರ ಧ್ವನಿ ಕೇಳಿದರೆ ಉಸಿರು ಬಿಗಿಹಿಡಿಯುವ ಒಂದು ಬೆಕ್ಕು, ಚಿರತೆ ಬೆಕ್ಕು.

ಯಾವುದು ಯಾವ ಬೆಕ್ಕು

ನಮ್ಮ ಕಡೆ ರಾತ್ರಿ ಕಾಣುವ, ನಾಯಿ ಅಲ್ಲದ, ಮನೆಯದ್ದಲ್ಲದ ಎಲ್ಲವೂ ಕಾಡುಬೆಕ್ಕು. ತುಳುವಿನಲ್ಲಿ ಕಾಟ್ ಪುಚ್ಚೆ ಎಂದರೂ ಕತೆ ಅದೇ. ಹಂಚಿನ ಮಾಡಿನ ಮೇಲೆ ಧಡಧಡ ಓಡಾಡಿ, ಅಟ್ಟದಲ್ಲಿ ಹಿಕ್ಕೆ ಹಾಕಿ, ಪಪ್ಪಾಯಿ ಹಣ್ಣಾಗುವ ಮೊದಲೇ ಲೆಕ್ಕ ಹಾಕಿಕೊಳ್ಳುವ ಪ್ರಾಣಿ ಬೆಕ್ಕೇ ಅಲ್ಲ. ಅದು ಪುನುಗಿನ ಕುಟುಂಬದ್ದು. ಮೂತಿ ಚೂಪು, ಕಾಲು ಗಿಡ್ಡ, ಬಾಲ ಮೈಯಷ್ಟೇ ಉದ್ದ, ಹಿಕ್ಕೆ ತುಂಬ ಬೈನೆಯೋ ಕಾಫಿಯೋ ಯಾವುದಾದರೊಂದು ಬೀಜ. ಕೆಸರಿನಲ್ಲಿ ಹೆಜ್ಜೆ ಸಿಕ್ಕರೆ ಬೆರಳು ಎಣಿಸಿ. ಐದು ಇದ್ದರೆ ಬೆಕ್ಕಲ್ಲ, ಪುನುಗಿನಂಥದ್ದು. ನಾಲ್ಕು ಇದ್ದು ಉಗುರಿನ ಗುರುತು ಮೂಡಿದ್ದರೆ ನಾಯಿ ಅಥವಾ ನರಿ. ನಾಲ್ಕು ಇದ್ದು ಉಗುರು ಮೂಡದಿದ್ದರೆ ಬೆಕ್ಕು.

ಬೆಕ್ಕುಗಳಲ್ಲೇ ಮೂರನ್ನು ಬೇರೆ ಮಾಡಿ ತಿಳಿದರೆ ಈ ಸೀಮೆಯ ಮಟ್ಟಿಗೆ ಸಾಕು. ಪುಸ್ತಕದವರು ಕಾಡುಬೆಕ್ಕು ಎನ್ನುವುದು ಉದ್ದ ಕಾಲಿನ, ಗಿಡ್ಡ ಬಾಲದ, ಮೈಮೇಲೆ ಚುಕ್ಕೆ ಇಲ್ಲದ ಮರಳು ಬಣ್ಣದ್ದು. ಬೈಲು, ಕುರುಚಲು, ಹುಲ್ಲುಗಾವಲು ಅದರ ಜಾಗ, ಹಗಲಲ್ಲೂ ಕಾಣಿಸಿಕೊಳ್ಳುತ್ತದೆ. ಅದರ ಮರಿಗಳಿಗೆ ಮಾತ್ರ ಮೈಮೇಲೆ ಪಟ್ಟೆ ಇರುತ್ತದೆ, ಗೊಂದಲ ಹುಟ್ಟುವುದು ಅಲ್ಲಿಂದಲೂ. ಎರಡನೆಯದು ತುಕ್ಕುಚುಕ್ಕೆ ಬೆಕ್ಕು. ಜಗತ್ತಿನ ಅತಿ ಸಣ್ಣ ಕಾಡು ಬೆಕ್ಕುಗಳಲ್ಲಿ ಒಂದು, ದೊಡ್ಡದಾದದ್ದೂ ಒಂದೂವರೆ ಕಿಲೋ ಆಸುಪಾಸು, ಭಾರತ, ಶ್ರೀಲಂಕಾ, ನೇಪಾಳ ಬಿಟ್ಟು ಬೇರೆಲ್ಲೂ ಇಲ್ಲ. ಚುಕ್ಕೆ ತುಕ್ಕಿನ ಬಣ್ಣದ್ದು, ಬಾಲದ ಮೇಲೆ ಚುಕ್ಕೆ ಇಲ್ಲ. ಮೂರನೆಯದು ಚಿರತೆ ಬೆಕ್ಕು. ಘಟ್ಟದ ಬುಡದ ಊರುಗಳಲ್ಲಿ ಚಿರತೆ ಮರಿಯ ಹೆಸರು ಹೊತ್ತು ಪೆಟ್ಟಿಗೆಗೆ ಹೋಗುವುದು ಮುಖ್ಯವಾಗಿ ಇದರ ಮರಿ. ಈ ಬರಹವೂ ಅದರದ್ದೇ.

ನಿಜವಾದ ಚಿರತೆ ಮರಿ ಹುಟ್ಟುವಾಗಲೇ ಅರ್ಧ ಕಿಲೋ ತೂಗುತ್ತದೆ. ಮೈತುಂಬ ಬೂದು ಬೂದಾದ ಉಣ್ಣೆಯಂಥ ಕೂದಲು, ಚುಕ್ಕೆ ಇನ್ನೂ ಅಸ್ಪಷ್ಟ, ಪಾದಗಳು ಮೈಗೆ ಹೊಂದದಷ್ಟು ದಪ್ಪ. ಚಿರತೆ ಬೆಕ್ಕಿನ ಮರಿ ಹುಟ್ಟುವಾಗ ನೂರು ಗ್ರಾಮಿನ ಆಚೀಚೆ, ಅಂಗೈಯಲ್ಲಿ ಹಿಡಿಸುತ್ತದೆ. ತೆಳು ಕಾಲು, ಸಣ್ಣ ತಲೆ. ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಎರಡು ಬಿಳಿ ಗೆರೆ ಕಂಡರೆ ಮತ್ತೆ ಅನುಮಾನ ಬೇಡ. ಚಿರತೆಯ ಮುಖದಲ್ಲಿ ಆ ಗೆರೆ ಇರುವುದಿಲ್ಲ. ಹುಲಿವೇಷಕ್ಕೆ ಬಣ್ಣ ಬರೆಯುವವರ ಕೈಗೆ ಇಂಥ ಫೋಟೊ ಕೊಟ್ಟರೆ ಒಂದೇ ನೋಟಕ್ಕೆ ಹೇಳಿಯಾರು. ಪಟ್ಟೆ ಹುಲಿ ಎಲ್ಲಿ ಮುಗಿದು ಚಿಟ್ಟೆ ಹುಲಿ (ಚುಕ್ಕೆಯ ಚಿರತೆ) ಎಲ್ಲಿ ಶುರುವಾಗುತ್ತದೆ ಎಂದು ಅವರಷ್ಟು ಚೆನ್ನಾಗಿ ಗೊತ್ತಿರುವವರು ಬೇರೆ ಯಾರು?

ಡಾಮರಿನ ಅಂಚಿನಲ್ಲಿ

ಚಿರತೆ ಬೆಕ್ಕನ್ನು ಹತ್ತಿರದಿಂದ ನೋಡಲು ಸಿಗುವುದು, ಬೇಸರದ ಮಾತಾದರೂ, ರಸ್ತೆಯಲ್ಲಿ. ಹೆಬ್ರಿ ದಾಟಿ ಆಗುಂಬೆ ಘಾಟಿಯ ಬುಡಕ್ಕೆ ಹೋಗುವ 169ಎ ಹೆದ್ದಾರಿ ಸೋಮೇಶ್ವರ ಅಭಯಾರಣ್ಯದ ಮರಗಳ ಸಂದಿನಲ್ಲೇ ಸಾಗುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ತೋಡು (ಸಣ್ಣ ಹಳ್ಳ) ರಸ್ತೆಯನ್ನು ದಾಟುವ ಮೋರಿಯ ಪಕ್ಕ ಬಿದ್ದಿದ್ದ ಗಂಡು ಬೆಕ್ಕೊಂದರ ಮೈಮೇಲೆ ಗಾಯವೇ ಕಾಣುತ್ತಿರಲಿಲ್ಲ. ಬಾಯಿಯ ಬಳಿ ಸ್ವಲ್ಪ ರಕ್ತ, ಅಷ್ಟೆ. ನೆತ್ತಿಯಿಂದ ಕುತ್ತಿಗೆಗೆ ಇಳಿದ ನಾಲ್ಕು ಕಪ್ಪು ಗೆರೆಗಳು ಹೆಗಲ ಮೇಲೆ ಕಡಿದು ಕಡಿದು ಚುಕ್ಕೆಗಳಾಗಿದ್ದವು. ಚುಕ್ಕೆಗಳು ಒಳಗೂ ಕಪ್ಪು, ಚಿರತೆಯದ್ದರ ಹಾಗೆ ನಡುವೆ ಖಾಲಿ ಬಿಟ್ಟ ಹೂವಲ್ಲ. ಹೊಟ್ಟೆ ಬಿಳಿ. ಕಿವಿಯ ಹಿಂಬದಿ ಕಪ್ಪು, ಅದರ ನಡುವೆ ಒಂದೊಂದು ಬಿಳಿ ಬೊಟ್ಟು. ಕಾಲ್ಬೆರಳು ಅಗಲಿಸಿದರೆ ನಡುವೆ ತೆಳುವಾದ ಚರ್ಮ ಎಳೆದುಕೊಳ್ಳುತ್ತಿತ್ತು. ಈ ಬೆಕ್ಕಿಗೆ ನೀರಿನ ಹೆದರಿಕೆ ಇಲ್ಲ, ತೋಡು ಹೊಳೆ ಈಜುತ್ತದೆ. ಬಾಲ ಮೈಯ ಅರ್ಧದಷ್ಟು. ಅಳೆದರೆ ಮೂತಿಯಿಂದ ಬಾಲದ ಬುಡದ ತನಕ 40ರಿಂದ 65 ಸೆಂಟಿಮೀಟರ್ ನಡುವೆ ಬರುತ್ತದೆ, ತೂಕ ನಾಲ್ಕು ಕಿಲೋ ದಾಟುವುದು ಅಪರೂಪ. ಮನೆಯ ಬೆಕ್ಕಿಗಿಂತ ಕಾಲು ಉದ್ದ, ಮೈ ಸಪೂರ.

ಮೋರಿಯ ಪಕ್ಕವೇ ಯಾಕೆ? ಮೊದಲ ಮಳೆಗೆ ಕಪ್ಪೆಗಳು ರಸ್ತೆಗೆ ಏರುತ್ತವೆ, ಕಪ್ಪೆಯ ಹಿಂದೆ ಹಾವು, ಎರಡರ ಹಿಂದೆಯೂ ಬೆಕ್ಕು. ತೋಡಿನ ಗುಂಟ ಪೊದೆಯ ಮರೆಯಲ್ಲಿ ನಡೆದು ಬಂದದ್ದು ಮೋರಿಯಲ್ಲಿ ನೀರು ಏರಿದ್ದರೆ ಮೇಲೆ ಬರಲೇಬೇಕು. ಹೆಡ್‌ಲೈಟಿಗೆ ಕಣ್ಣು ಕೋರೈಸಿದರೆ ಓಡುವುದಿಲ್ಲ, ಅಲ್ಲೇ ಕುಗ್ಗಿ ಕೂರುತ್ತದೆ. ಡಾಂಬರು ನುಣುಪಾದಷ್ಟೂ ಇದರ ಲೆಕ್ಕ ತಪ್ಪುತ್ತದೆ. ಮೂಡುಬಿದಿರೆ, ಕಾರ್ಕಳ ದಾಟಿ ಕುದುರೆಮುಖಕ್ಕೆ ಏರುವ 169ರಲ್ಲೂ, ಶಿರಾಡಿಯ 75ರಲ್ಲೂ ರಾತ್ರಿ ಎಂಟರ ಮೇಲೆ ಕಾಡಿನ ನಡುವೆ ವೇಗ ನಲವತ್ತಕ್ಕೆ ಇಳಿಸಿದರೆ ಬ್ರೇಕ್ ಹಿಡಿಯಲು ಹೊತ್ತು ಸಿಗುತ್ತದೆ.

ಬುಡ ಬನದಲ್ಲಿ, ಊಟ ತೋಟದಲ್ಲಿ

ಚಿರತೆ ಬೆಕ್ಕಿಗೆ ವಿಜ್ಞಾನದ ಹೆಸರು ಈಗ ಪ್ರಿಯೊನೈಲ್ಯೂರಸ್ ಬೆಂಗಾಲೆನ್ಸಿಸ್, ಅದರಲ್ಲಿ ಬೆಂಗಾಲೆನ್ಸಿಸ್ ಎಂಬ ಭಾಗ ಬಂದದ್ದು ಬಂಗಾಳದಿಂದ, 1792ರಲ್ಲಿ. ಹಿಮಾಲಯದ ತಪ್ಪಲು, ಈಶಾನ್ಯ, ಆಮೇಲೆ ನಮ್ಮ ಪಶ್ಚಿಮ ಘಟ್ಟ. ನಡುವೆ ಮಧ್ಯ ಭಾರತದ ಸುಡು ಬೇಸಗೆ ಇದಕ್ಕೆ ಆಗಿಬರುವುದಿಲ್ಲ. ಹಾಗಾಗಿ ಘಟ್ಟದ ಗುಂಪು ಉತ್ತರದ ಗುಂಪಿನಿಂದ ತುಂಡಾಗಿ ಬೇರೆಯೇ ಬೆಳೆದಿದೆ ಎಂದು 2010ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಕಾಡುಬೆಕ್ಕಿಗೆ ಆ ತೊಂದರೆ ಇಲ್ಲ, ಅದು ದೇಶದ ಉದ್ದಗಲಕ್ಕೂ ಇದೆ. ಅಂದರೆ ಇಲ್ಲಿ ಚಿರತೆ ಬೆಕ್ಕು ಕಡಿಮೆಯಾದರೆ ತುಂಬಿಕೊಡಲು ಬಡಗಣದಿಂದ ಯಾವುದೂ ನಡೆದು ಬರುವುದಿಲ್ಲ. ಒಂದೊಂದರ ಚುಕ್ಕೆಯ ವಿನ್ಯಾಸ ಒಂದೊಂದು ರೀತಿ ಇರುವುದರಿಂದ ಕ್ಯಾಮೆರಾ ಇಟ್ಟು ಎಣಿಸಬಹುದು. ಹಾಗೆ ಎಣಿಸಿದಾಗ ಭದ್ರಾ ಕಾಡಿನಲ್ಲಿ ನೂರು ಚದರ ಕಿಲೋಮೀಟರಿಗೆ ಸುಮಾರು ಹತ್ತು, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಅರ್ಧಕ್ಕೂ ಕಡಿಮೆ ಲೆಕ್ಕ ಸಿಕ್ಕಿತು. ಒಳ್ಳೆಯ ಕಾಡಿನಲ್ಲೇ ಇಷ್ಟು.

ಕಾಡು ಬಿಟ್ಟು ತೋಟದಲ್ಲಿ ಇದು ಹೇಗೆ ಬದುಕುತ್ತದೆ ಎಂಬುದಕ್ಕೆ ನಮ್ಮದೇ ಹಳೆಯ ಜಾಗದ ಜೋಡಣೆ ಉತ್ತರ ಹೇಳುತ್ತದೆ. ಕೆಳಗೆ ಬೈಲು, ಬೈಲಿನ ಅಂಚಿಗೆ ಅಡಿಕೆ, ತೆಂಗು, ಅದರ ಮೇಲೆ ಗೇರಿನ ಗುಡ್ಡೆ, ನಡುವೆ ಕುಮ್ಕಿಯ ಹಾಡಿ (ಸಾಗುವಳಿ ಜಮೀನಿಗೆ ತಾಗಿದ ಸರಕಾರಿ ಜಾಗದ ಕುರುಚಲು ಕಾಡು), ಮೂಲೆಯಲ್ಲಿ ಕೊಡಲಿ ಕಾಣದ ನಾಗಬನ. ಇಲಿ, ಹೆಗ್ಗಣ ಇರುವುದು ಬೈಲಿನ ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ), ಸೋಗೆಯ ರಾಶಿಯಲ್ಲಿ, ತೆಂಗಿನ ಮಂಡೆಯಲ್ಲಿ. ಊಟ ಅಲ್ಲಿ. ಹಗಲು ಮಲಗಲು, ಮರಿ ಹಾಕಲು ಮಾತ್ರ ಬಳ್ಳಿ ಹೆಣೆದುಕೊಂಡ ಪೊದೆ, ಟೊಳ್ಳು ಮರ, ಮುರಕಲ್ಲಿನ ಪೊಟರೆ ಬೇಕು. ಬೋರ್ನಿಯೊದ ತಾಳೆ ಎಣ್ಣೆಯ ತೋಟಗಳಲ್ಲಿ ನಡೆದ ಅಧ್ಯಯನದಲ್ಲೂ ಕಂಡದ್ದು ಇದೇ: ತೋಟದಲ್ಲಿ ಇಲಿ ಹೇರಳ, ಹಿಡಿಯಲೂ ಸುಲಭ, ಆದರೆ ಮಲಗಲು ಮತ್ತು ಮರಿ ಹಾಕಲು ಪಕ್ಕದ ಕಾಡಿನ ತುಣುಕಿಗೇ ಮರಳುತ್ತವೆ. ಬನದ ಮರ ಕಡಿದು, ನೆಲಕ್ಕೆ ಟೈಲ್ಸ್ ಹಾಕಿ, ಸುತ್ತ ಗ್ರಿಲ್ ಇಟ್ಟು 'ಜೀರ್ಣೋದ್ಧಾರ' ಮಾಡುವುದು ಈಗ ಊರೂರಿನ ಚಾಳಿ. ನಾಗನಿಗೆ ಅದು ಹಿತವೋ ಅಲ್ಲವೋ, ಬೆಕ್ಕಿನ ಪಾಲಿಗೆ ಅಲ್ಲಿ ಮನೆ ಹೋಯಿತು. ತೋಟ ಎಷ್ಟೇ ದೊಡ್ಡದಿದ್ದರೂ ಬನದ ಬದಲಿಗೆ ಬರುವುದಿಲ್ಲ.

ಇದರ ಬೇಟೆಯಲ್ಲಿ ಮನೆಬೆಕ್ಕಿನ ಆಟ ಇಲ್ಲ. ಮನೆಬೆಕ್ಕು ಇಲಿಯನ್ನು ಹಿಡಿದು ಬಿಟ್ಟು, ಬಿಟ್ಟು ಹಿಡಿದು ಅಂಗಳದಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಚಿರತೆ ಬೆಕ್ಕು ಒಮ್ಮೆ ಉಗುರು ಹಾಕಿ ಕಚ್ಚಿದರೆ ಜೀವ ಹೋಗುವ ತನಕ ಸಡಿಲಿಸುವುದಿಲ್ಲ. ಹಕ್ಕಿಯನ್ನೂ ಹಿಡಿಯುವ ಅಭ್ಯಾಸ ಇರುವ ಪ್ರಾಣಿ, ಬಿಟ್ಟರೆ ಹಾರಿಹೋಗುತ್ತದೆ ಎಂಬುದು ಅದರ ಮೈಗೇ ಗೊತ್ತಿದ್ದ ಹಾಗೆ. ಇಲಿ ಮೊದಲು, ಆಮೇಲೆ ಓತಿ, ಕಪ್ಪೆ, ಹಕ್ಕಿ, ಹುಳಹುಪ್ಪಟೆ. ಹಿಕ್ಕೆಯನ್ನು ಮನೆಬೆಕ್ಕಿನಂತೆ ಮುಚ್ಚಿಡದೆ ಕಾಲುದಾರಿಯ ನಡುವೆಯೇ ಹಾಕುವುದುಂಟು. ಒಣಗಿದ್ದನ್ನು ಕಡ್ಡಿಯಲ್ಲಿ ಕೆದಕಿದರೆ ಇಲಿಯ ಕೂದಲು, ಅಕ್ಕಿಕಾಳಿನಂಥ ಹಲ್ಲು ಸಿಗುತ್ತದೆ.

ಪಾಷಾಣದ ಲೆಕ್ಕ

ಇಲಿಗೆ ವಿಷ ಇಡಬೇಡಿ ಎಂದು ಹೇಳುವುದು ಸುಲಭ. ತೆಂಗಿನಲ್ಲಿ ಬೊಂಡ (ಎಳನೀರು) ಕಟ್ಟುವ ಮೊದಲೇ ಇಲಿ ಕೊರೆದು ತೂತು ಬಿದ್ದ ಎಳೆಕಾಯಿ ದಿನಾ ಬುಡಕ್ಕೆ ಉದುರುವಾಗ ಆ ಮಾತು ಯಾರ ಕಿವಿಗೂ ಹೋಗುವುದಿಲ್ಲ. ತೆಂಗಿಗೆ ಶಿಫಾರಸು ಇರುವುದು ಬ್ರೊಮಾಡಿಯೊಲೋನ್ ಮೇಣದ ಬಿಲ್ಲೆ: 10 ಗ್ರಾಮಿನದ್ದೊಂದು, ಐದು ಮರಕ್ಕೆ ಒಂದು ಮರದ ಮಂಡೆಯಲ್ಲಿ, 12 ದಿನ ಬಿಟ್ಟು ಇನ್ನೊಮ್ಮೆ. ಅಷ್ಟೇ. ತಪ್ಪುವುದು ಎಲ್ಲಿ ಎಂದರೆ, ಮರ ಹತ್ತುವವರು ಸಿಗುವುದಿಲ್ಲ ಎಂದು ಬಿಲ್ಲೆಯನ್ನು ಬುಡದಲ್ಲೇ ಚೆಲ್ಲುತ್ತಾರೆ, ಮರುದಿನ ಇಲಿ ಸಾಯಲಿಲ್ಲ ಎಂದು ದುಪ್ಪಟ್ಟು ಇಡುತ್ತಾರೆ. ಈ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯದ್ದು, ಇಲಿ ಸಾಯಲು ನಾಲ್ಕೈದು ದಿನ ಬೇಕು. ಆ ದಿನಗಳಲ್ಲಿ ಅದು ನಿಧಾನವಾಗಿ, ತೂರಾಡುತ್ತ, ಬಯಲಲ್ಲೇ ನಡೆಯುತ್ತದೆ. ಬೆಕ್ಕಿಗೆ, ಗೂಬೆಗೆ ಅಂಥ ಸುಲಭದ ಊಟ ಬೇರೆ ಇಲ್ಲ. ಇಲಿಯ ಪಿತ್ತಜನಕಾಂಗದಲ್ಲಿ ಉಳಿದ ವಿಷ ಬೆಕ್ಕಿನದ್ದಕ್ಕೆ ಸೇರಿ, ಇಲಿ ಇಲಿಗೂ ಜಮೆಯಾಗುತ್ತ ಹೋಗುತ್ತದೆ. ಇಲಿ ಹಿಡಿಯುವ ಬೆಕ್ಕು ಮೊದಲು ಹೋಗಿ, ಇಲಿ ಮೂರು ತಿಂಗಳಲ್ಲಿ ಮರಳಿ ತುಂಬುತ್ತದೆ.

ಮರಗಳ ಗರಿ ಒಂದಕ್ಕೊಂದು ತಾಗದಿದ್ದರೆ ತಗಡೇ ಸಾಕು. ನೆಲದಿಂದ ಆರಡಿ ಮೇಲೆ ಒಂದೂವರೆ ಅಡಿ ಅಗಲದ ನುಣುಪು ತಗಡನ್ನು ಕಾಂಡಕ್ಕೆ ಸುತ್ತಿ ಮೊಳೆ ಹೊಡೆದರೆ ಇಲಿಯ ಉಗುರು ನಿಲ್ಲುವುದಿಲ್ಲ. ಗರಿ ತಾಗುತ್ತಿದ್ದರೆ ತಗಡಿನಿಂದ ಏನೂ ಉಪಯೋಗ ಇಲ್ಲ, ಇಲಿ ಪಕ್ಕದ ಮರದಿಂದ ಬರುತ್ತದೆ. ವಿಷ ಇಟ್ಟೇ ತೀರಬೇಕೆಂದಾದರೆ ಮಂಡೆಯಲ್ಲೇ ಇಡಿ, ಮೂರನೇ ದಿನದಿಂದ ಹತ್ತು ದಿನ ಬೆಳಿಗ್ಗೆ ತೋಟ ಸುತ್ತಿ ಸತ್ತದ್ದನ್ನು ಎರಡಡಿ ಆಳಕ್ಕೆ ಹೂಳಿ.

ಕೋಳಿಯ ವಿಷಯ ಚುಟುಕಾಗಿ ಮುಗಿಸುತ್ತೇನೆ. ಚಿರತೆ ಬೆಕ್ಕು ಕೋಳಿ ತಿನ್ನುತ್ತದೆ. ಮುಂಗುಸಿ, ನರಿ, ಪುನುಗು, ಉಡ, ಹೆಬ್ಬಾವು ತಿಂದದ್ದೂ ಇದರದ್ದೇ ಲೆಕ್ಕಕ್ಕೆ ಸೇರುತ್ತದೆ ಎನ್ನುವುದೂ ಅಷ್ಟೇ ನಿಜ. ಷಟ್ಕೋನದ ಕೋಳಿ ಬಲೆ ಸಾಲದು, ತುಕ್ಕು ಹಿಡಿದ ಎರಡನೇ ಮಳೆಗಾಲಕ್ಕೆ ಕೈಯಲ್ಲೇ ಹರಿಯುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್, ಬುಡಕ್ಕೆ ಒಂದು ಸಾಲು ಕೆಂಪುಕಲ್ಲು, ಬಾಗಿಲಿಗೆ ಹಗ್ಗದ ಬದಲು ಚಿಲಕ. ಬೆಕ್ಕು ಬರುವುದು ಮಾಡಿನ ಮತ್ತು ಗೋಡೆಯ ಸಂದಿನಿಂದ, ಜನ ಅದನ್ನೇ ಮುಚ್ಚಲು ಮರೆಯುತ್ತಾರೆ.

ಮರಿ ಸಿಕ್ಕರೆ

ಈಗ ಆ ಪೆಟ್ಟಿಗೆಗೆ ಬರೋಣ. ಹಟ್ಟಿಯ ಹಿಂದಿನ ಬೈಹುಲ್ಲಿನ ಕುತ್ತರಿಯನ್ನು (ಬಣವೆಯನ್ನು) ಮೇಲಿನಿಂದ ತೆಗೆಯದೆ ಬದಿಯಿಂದ ಎಳೆದರೆ ಒಳಗಿನ ಪೊಳ್ಳು ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ಎರಡೋ ಮೂರೋ ಮರಿಗಳು ಒಂದರ ಮೇಲೊಂದು. ಬಸಿರು 60ರಿಂದ 70 ದಿನದ್ದು, ಹುಟ್ಟಿದ ಮರಿ ಕಣ್ಣು ತೆರೆಯಲು ಎರಡು ವಾರದ ಹತ್ತಿರ. ಕಣ್ಣು ಮುಚ್ಚಿದ್ದರೆ ತಾಯಿಯ ಮೈ ಶಾಖವೇ ಅವುಗಳ ಜೀವ. ಮುಟ್ಟದೆ, ಎಳೆದ ಹುಲ್ಲನ್ನು ಸಡಿಲವಾಗಿ ಮತ್ತೆ ಮುಚ್ಚಿ, ಆ ದಿನದ ಕೆಲಸ ನಿಲ್ಲಿಸಿ ಹೋದರೆ ಸಾಮಾನ್ಯವಾಗಿ ತಾಯಿಯೇ ಅವನ್ನು ಬೇರೆ ಜಾಗಕ್ಕೆ ಸಾಗಿಸುತ್ತದೆ. ಗೇರು ತೋಟದಲ್ಲಿ ಯಂತ್ರದಿಂದ ಕಳೆ ಕೊಚ್ಚುವಾಗ ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರುವುದು ರೂಢಿ, ಅಡಗಿದ್ದದ್ದು ಕೊನೆಗೆ ನಡುವಿನಲ್ಲೇ ಸಿಕ್ಕಿಬೀಳುತ್ತದೆ. ನಡುವಿನಿಂದ ಅಂಚಿಗೆ ಕೊಚ್ಚಿಕೊಂಡು ಹೋಗಿ, ಹಾಡಿಯ ಬದಿಗೆ ನಾಲ್ಕು ಅಡಿ ಪೊದೆ ಬಿಟ್ಟರೆ ಓಡಲು ದಾರಿ ಇರುತ್ತದೆ.

ಎತ್ತಿಯೇ ಆಗಿದ್ದರೂ ಹೊತ್ತು ಮೀರಿಲ್ಲ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಮೊದಲು 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು. ಪ್ರೀತಿಯಿಂದ ಸಾಕಿದರೂ ಅಪರಾಧವೇ, ಮೂರರಿಂದ ಏಳು ವರ್ಷ ಜೈಲು. ದನದ ಹಾಲು ಬೇಡವೇ ಬೇಡ. ಹೊಟ್ಟೆ ಉಬ್ಬಿ ಭೇದಿಯಾಗುತ್ತದೆ, ಹತ್ತಿಯಲ್ಲಿ ಹಿಂಡಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇಲಾಗಿ ಚೆಲ್ಲಿದ ಹಾಲಿಗೆ ಇರುವೆ ಬರುತ್ತದೆ. ಕಣ್ಣು ಬಿಡದ ಮರಿಗೆ ಇರುವೆ ಸಾಲು ನಾಯಿಗಿಂತ ದೊಡ್ಡ ಗಂಡಾಂತರ.

ತಾಯಿ ಬಂದು ಒಯ್ಯುವ ಹಾಗೆ ಮರಿಗಳನ್ನು ಮತ್ತೆ ಇಡಲು ತರಕಾರಿ ತರುವ ಪ್ಲಾಸ್ಟಿಕ್ ಕ್ರೇಟು ಹೇಳಿ ಮಾಡಿಸಿದ್ದು. ಒಂದಡಿ ಎತ್ತರ, ಕಣ್ಣು ಬಿಡದ ಮರಿ ಹತ್ತಿ ಹೊರಬರಲಾರದು, ತಾಯಿ ಹಾರಿ ಇಳಿಯಬಹುದು. ಬೈರಾಸು ಬೇಡ, ಮರಿ ಸಿಕ್ಕಿದ ಜಾಗದ್ದೇ ಹುಲ್ಲು, ತರಗೆಲೆ ಹಾಕಿ, ಅದರಲ್ಲಿ ಅವುಗಳದ್ದೇ ವಾಸನೆ ಇರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಕೊಟ್ಟು ಕ್ರೇಟನ್ನು ನೆಲದಿಂದ ತುಸು ಎತ್ತಿ, ಇರುವೆ ಸಾಲು ಇದೆಯೇ ನೋಡಿ. ಮಳೆ ಮೋಡ ಇದ್ದರೆ ಅಡಿಕೆ ಹಾಳೆಯನ್ನು ಅರ್ಧ ಬಾಯಿಗೆ ಓರೆಯಾಗಿ ಒರಗಿಸಿ, ಪೂರ್ತಿ ಮುಚ್ಚಬೇಡಿ. ಸಿಕ್ಕಿದ ಜಾಗದಿಂದ ನಾಲ್ಕೈದು ಹೆಜ್ಜೆಗಿಂತ ಆಚೆ ಬೇಡ. ಕತ್ತಲಾಗುವ ಮೊದಲೇ ಇಟ್ಟು, ನಾಯಿ ಕಟ್ಟಿ, ಅಂಗಳದ ದೀಪ ಆರಿಸಿ ಒಳಗೆ ಹೋಗಬೇಕು. ಕೆಲಸ ಕೆಡುವುದು ಇಲ್ಲೇ. ಅರ್ಧ ಗಂಟೆಗೊಮ್ಮೆ "ಬಂತಾ ನೋಡ್ವ" ಎಂದು ಟಾರ್ಚು ಹಿಡಿದು ಬರುವವರು ಒಬ್ಬರಾದರೂ ಇರುತ್ತಾರೆ. ಪೊದೆಯ ಅಂಚಿಗೆ ಬಂದು ಕೂತ ತಾಯಿ ಪ್ರತಿ ಬಾರಿಯೂ ಹಿಂದೆ ಸರಿದು, ಮತ್ತೆ ಬರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ.

ಬೆಳಿಗ್ಗೆ ಆರಕ್ಕೆ ನೋಡಿ. ಕ್ರೇಟು ಖಾಲಿಯಾಗಿದ್ದು ಹುಲ್ಲು ಒಂದು ಬದಿಗೆ ಎಳೆದಂತಿದ್ದರೆ ತಾಯಿ ಬಂದು ಹೋಗಿದೆ. ಯಾವುದೂ ಹೋಗಿಲ್ಲ ಎಂದರೆ ಇಲಾಖೆಯವರ ಸಲಹೆಯಂತೆ ಇನ್ನೊಂದು ರಾತ್ರಿ ಇಡಬೇಕಾಗುತ್ತದೆ, ಹಗಲಿನ ಆರೈಕೆ ಪಶುವೈದ್ಯರದ್ದು. ಮೂರರಲ್ಲಿ ಒಂದು ಮಾತ್ರ ಉಳಿದಿದ್ದರೆ ತಾಯಿ ಬಿಟ್ಟಿತು ಎಂದು ಎತ್ತಿಕೊಂಡು ಬರಬೇಡಿ. ಅದು ಒಂದೊಂದನ್ನೇ ಕುತ್ತಿಗೆಯ ಚರ್ಮ ಕಚ್ಚಿ ಸಾಗಿಸುತ್ತದೆ, ಹೊಸ ಜಾಗ ಗುಡ್ಡೆಯ ಆಚೆ ಇದ್ದರೆ ಮೂರನೆಯದರ ಸರದಿ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ.